ರಾಗಿ ಸರಿಗೆ ಎಷ್ಟು ಕೈ ಬೇಕು?

ಒಂದು ಡೈಪರಿಗೆ ಹತ್ತು ರೂಪಾಯಿ ಎಂದಿಟ್ಟುಕೊಳ್ಳಿ. ಅಂಗಡಿಯಲ್ಲಿ ಎಂಟಕ್ಕೂ ಸಿಗುತ್ತದೆ, ಹದಿನೈದಕ್ಕೂ ಸಿಗುತ್ತದೆ. ಲೆಕ್ಕ ಸುಲಭವಾಗಲಿ ಎಂದು ಹತ್ತು. ಎಳೆಗೂಸಿಗೆ ದಿನಕ್ಕೆ ಆರು ಬೇಕು ಅಂದರೆ ದಿನಕ್ಕೆ 60, ತಿಂಗಳಿಗೆ 1,800 ರೂಪಾಯಿ. ಸರ್ಕಾರದ ಗೃಹಲಕ್ಷ್ಮಿ ಯೋಜನೆಯಿಂದ ತಿಂಗಳಿಗೆ ಬರುವ 2,000ದಲ್ಲಿ ಇನ್ನೂರು ಉಳಿಯಿತು. ಅದರಲ್ಲಿ ಒಂದು ಡಬ್ಬಿ ಬೇಬಿ ಫುಡ್ ಬರುವುದೂ ಕಷ್ಟ.

ಈ ಲೆಕ್ಕ ಬಾಯಿಬಿಟ್ಟು ಹೇಳಿದಿರೋ, ಮನೆಯ ಹಿರಿಯರಿಂದ ಉತ್ತರ ಬಂದೇ ಬರುತ್ತದೆ. "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತಮ್ಮ? ಹಳೇ ಪಂಚೆ ಹರಿದು ಲಂಗೋಟಿ ಕಟ್ತಿದ್ವಿ. ರಾಗಿ ಸರಿ ಕಾಸಿ ತಿನ್ನಿಸ್ತಿದ್ವಿ. ಮಕ್ಕಳು ಬೆಳೀಲಿಲ್ವಾ?"

ಮಾತು ಸುಳ್ಳಲ್ಲ. ಆದರೆ ಆ ಕಾಲದ ಮನೆಯಲ್ಲಿ ಲಂಗೋಟಿ ಕಟ್ಟುತ್ತಿದ್ದವರು ಒಬ್ಬರು, ಒಗೆಯುತ್ತಿದ್ದವರು ಇನ್ನೊಬ್ಬರು, ರಾಗಿ ಬೀಸುತ್ತಿದ್ದವರು ಮತ್ತೊಬ್ಬರು. ಅಜ್ಜಿಯ ಲೆಕ್ಕದಲ್ಲಿ ಬಟ್ಟೆಗೆ ದುಡ್ಡಿಲ್ಲ, ರಾಗಿ ಹೊಲದ್ದು, ಕೂಲಿ ಅನ್ನುವ ಬಾಬ್ತಂತೂ ಇಲ್ಲವೇ ಇಲ್ಲ. ಅದೇ ಉಪಾಯಗಳನ್ನು ಇವತ್ತು ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಗಂಡ ಬೆಳಿಗ್ಗೆ ಎಂಟಕ್ಕೆ ಹೊರಟುಹೋದ ಮೇಲೆ ಒಬ್ಬಳೇ ಉಳಿಯುವ ಹೆಂಗಸಿನ ಕೈಗಿಟ್ಟು "ಮಾಡಿಕೋ, ಅಗ್ಗವಾಗುತ್ತೆ" ಅಂದರೆ, ಉಳಿದ ದುಡ್ಡನ್ನು ಅವಳ ನಿದ್ದೆಯಿಂದ ಕಳೆಯಬೇಕಾಗುತ್ತದೆ. ಮನೆಮದ್ದು, ಮನೆಯೂಟ, ಮನೆಗೆಲಸಗಳ ಬಗ್ಗೆ ನಮ್ಮಲ್ಲಿ ಬರೆದದ್ದು ಬೇಕಾದಷ್ಟಿದೆ. ಅವುಗಳಲ್ಲಿ ಸಾಮಗ್ರಿಯ ಅಳತೆ ಇರುತ್ತದೆ, ಎಷ್ಟು ಜನ ಬೇಕು ಅನ್ನುವುದು ಇರುವುದಿಲ್ಲ.

ಸರಿ ಹಿಟ್ಟಿನ ನಾಲ್ಕು ದಿನ

ಹಳೇ ಮೈಸೂರು ಸೀಮೆಯಲ್ಲಿ ಮಗುವಿಗೆ ಆರು ತಿಂಗಳು ತುಂಬುತ್ತಿದ್ದಂತೆ ಸರಿ ಹಿಟ್ಟಿನ ಮಾತು ಶುರುವಾಗುತ್ತದೆ. ರಾಗಿಯನ್ನು ಕಲ್ಲು ಆರಿಸಿ, ನೀರು ತಿಳಿಯಾಗುವವರೆಗೆ ತೊಳೆದು, ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿಡುವುದು. ಒಂದೆರಡು ದಿನಕ್ಕೆ ಬಿಳಿ ಮೊಳಕೆ ಇಣುಕುತ್ತದೆ. ಅದನ್ನು ಹರವಿ ಗರಿಗರಿಯಾಗುವಂತೆ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಮೊರದಲ್ಲಿ ಕೇರಿ, ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ಬೀಸಿಸಿ, ತೆಳು ಬಟ್ಟೆಯಲ್ಲಿ ಸೋಸಬೇಕು. ಕರಾವಳಿಯವರು ಇಷ್ಟು ದಿನ ಕಾಯುವುದಿಲ್ಲ. ನೆನೆದ ರಾಗಿಯನ್ನು ರುಬ್ಬಿ, ಬಟ್ಟೆಯಲ್ಲಿ ಹಿಂಡಿ, ಆ ಹಾಲನ್ನು ಕಾಸಿ ಮಣ್ಣಿ ಮಾಡುತ್ತಾರೆ. ಬಯಲುಸೀಮೆಯ ಉತ್ತರಕ್ಕೆ ಹೋದರೆ ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಬೇಳೆಯ ಕಟ್ಟು, ಹಾಲಿನಲ್ಲಿ ನೆನೆದ ರೊಟ್ಟಿ.

ಮೊಳಕೆ ಬರಿಸುವ ಆ ಎರಡು ದಿನದ ಕಷ್ಟ ಬರೀ ಶಾಸ್ತ್ರಕ್ಕಲ್ಲ. ಯಾವ ಹಿಟ್ಟನ್ನಾದರೂ ನೀರಿನಲ್ಲಿ ಕುದಿಸಿದರೆ ಗಟ್ಟಿಯಾಗುತ್ತದೆ. ಹಲ್ಲಿಲ್ಲದ ಮಗುವಿಗೆ ಗಟ್ಟಿ ನುಂಗಲಾಗದು. ತೆಳ್ಳಗಾಗಲಿ ಎಂದು ನೀರು ಸುರಿದರೆ ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಹತ್ತುವುದಿಲ್ಲ. ಕೂಸಿನ ಹೊಟ್ಟೆಯೇ ಒಂದು ಮುಷ್ಟಿಯಷ್ಟು. ಮೊಳಕೆಯೊಡೆದ ರಾಗಿಯಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ. ಹೀಗಾಗಿ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳ್ಳಗೇ ಉಳಿಯುತ್ತದೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ ಅವರು 1980ರ ದಶಕದ ಆರಂಭದಲ್ಲಿ ಮೊಳಕೆ ಬರಿಸಿದ ರಾಗಿ ಮತ್ತು ಹೆಸರುಕಾಳು ಸೇರಿಸಿ ಮಕ್ಕಳ ಆಹಾರ ತಯಾರಿಸುವ ಬಗೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಬರೆದಿದ್ದಾರೆ. ರಾಗಿಗೆ ಹೆಸರುಕಾಳು ಜೊತೆಯಾದರೆ ಪ್ರೋಟೀನಿನ ಕೊರತೆಯೂ ನೀಗುತ್ತದೆ. ಅಡುಗೆಮನೆಗೆ ಇದರಿಂದ ಒಂದು ಕಿವಿಮಾತು: ಮೊಳಕೆ ರಾಗಿಯನ್ನು ಕೆಂಪಗೆ ಹುರಿದರೆ ಆ ಕಿಣ್ವ ಸತ್ತುಹೋಗುತ್ತದೆ. ಘಮ ಬಂದ ಕೂಡಲೇ ಬಾಣಲೆ ಇಳಿಸಿಬಿಡಬೇಕು.

ಇದೇ ಸಿಎಫ್‌ಟಿಆರ್‌ಐನಲ್ಲಿ 1950ರ ದಶಕದಲ್ಲಿ ಎಮ್ಮೆ ಹಾಲಿನಿಂದ ಮಕ್ಕಳ ಆಹಾರದ ಪುಡಿ ಮಾಡುವ ತಂತ್ರ ಸಿದ್ಧವಾಗಿ, ಅದು ಅಮುಲ್ ಡಬ್ಬಿಯ ರೂಪದಲ್ಲಿ ದೇಶಕ್ಕೆಲ್ಲ ಹೋಯಿತು. ಡಬ್ಬಿಯ ವಿದ್ಯೆ, ಮೊಳಕೆಯ ವಿದ್ಯೆ ಎರಡನ್ನೂ ಅರೆದು ನೋಡಿದ್ದು ಮೈಸೂರಿನ ಒಂದೇ ಆವರಣದಲ್ಲಿ ಅನ್ನುವುದು ನನಗೆ ಯಾವಾಗಲೂ ಸೋಜಿಗ. ಪೇಟೆ ಹಿಡಿದದ್ದು ಮಾತ್ರ ಡಬ್ಬಿ. ಅದಕ್ಕೆ ಕಾರಣ ರುಚಿಯಲ್ಲ, ಬಿಸಿನೀರು ಹಾಕಿ ಕಲಸಿದರೆ ಎರಡೇ ನಿಮಿಷ.

ದುಡ್ಡಿನ ವಿಚಾರಕ್ಕೆ ಬರೋಣ. 2024-25ರಲ್ಲಿ ಕೇಂದ್ರ ಸರ್ಕಾರ ರಾಗಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 4,290 ರೂಪಾಯಿ. ಕಿಲೋಗೆ 43 ರೂಪಾಯಿ ಲೆಕ್ಕ. ಅಂಗಡಿಗೆ ಬರುವ ಹೊತ್ತಿಗೆ ಇನ್ನಷ್ಟು ಏರಿರುತ್ತದೆ. ಆದರೂ 'ಸಾವಯವ ಮೊಳಕೆ ರಾಗಿ' ಎಂದು ಚೆಂದದ ಚೀಲದಲ್ಲಿ ಬರುವ ಪುಡಿಯ ಬೆಲೆ ಅದರ ಹಲವು ಪಟ್ಟು. ನೂರು ಗ್ರಾಂ ರಾಗಿಯಲ್ಲಿ ಸುಣ್ಣದಂಶ ಸುಮಾರು 350 ಮಿಲಿಗ್ರಾಂ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿರುವುದಕ್ಕಿಂತ ಎರಡೂವರೆ ಮೂರು ಪಟ್ಟು. ದೇಶದಲ್ಲೇ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯದಲ್ಲಿ ಕೂತು ನಾವು ಅದನ್ನು ಇನ್ನೂರೈವತ್ತು ಗ್ರಾಮಿನ ಪೊಟ್ಟಣದಲ್ಲಿ ಕೊಳ್ಳುತ್ತಿದ್ದೇವೆ.

ಡಬ್ಬಿಯಲ್ಲಿ ಏನಿರುತ್ತದೆ ಅನ್ನುವುದೂ ಒಂದು ಪ್ರಶ್ನೆ. 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಸಂಸ್ಥೆ, ಭಾರತದಲ್ಲಿ ಮಾರುವ ನೆಸ್ಲೆಯ ಮಕ್ಕಳ ಆಹಾರದಲ್ಲಿ ಒಂದು ಸಲ ತಿನ್ನಿಸುವ ಪ್ರಮಾಣಕ್ಕೆ ಸರಾಸರಿ 3 ಗ್ರಾಂ ಸಮೀಪ ಸಕ್ಕರೆ ಸೇರಿಸಲಾಗಿದೆ ಎಂದು ವರದಿ ಮಾಡಿದಾಗ ಗದ್ದಲವೆದ್ದಿತ್ತು. ಸಕ್ಕರೆಯನ್ನು ವರ್ಷದಿಂದ ವರ್ಷಕ್ಕೆ ಇಳಿಸುತ್ತ ಬಂದಿದ್ದೇವೆ ಎಂದು ಕಂಪನಿ ಹೇಳಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಸಕ್ಕರೆ ಸೇರಿಸಬೇಡಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಗೆಂದು ನಾವು ಬೀಗುವುದೂ ಬೇಡ. ಮನೆಯ ಸರಿಗೆ ದಂಡಿಯಾಗಿ ಬೆಲ್ಲ ಸುರಿದರೆ ಅದೂ ಸಕ್ಕರೆಯೇ.

ಈಗ ಗಿರಣಿಯ ವಿಷಯ. ಎಂಟು ತಿಂಗಳ ಕೂಸು ತಿಂಗಳಿಗೆ ತಿನ್ನುವ ಹಿಟ್ಟು ಅರ್ಧ ಕಿಲೋ ಆದರೆ ಹೆಚ್ಚು. ಅಷ್ಟಕ್ಕೆ ಗಿರಣಿಯವನು ಕಲ್ಲು ತಿರುಗಿಸಲು ಒಪ್ಪುವುದಿಲ್ಲ. ಒಪ್ಪಿದರೂ ಮುಂಚೆ ಬೀಸಿದ ಮೆಣಸಿನಪುಡಿಯ ಘಾಟು ಮಗುವಿನ ಹಿಟ್ಟಿಗೆ ಬರುತ್ತದೆ. ಎರಡು ಮೂರು ಕಿಲೋ ಬೀಸಿಸಿದರೆ ಮಗು ತಿಂದು ಮುಗಿಸುವ ಮೊದಲೇ ಹುಳ. ಮಿಕ್ಸಿಯಲ್ಲಿ ನುಣ್ಣಗಾಗುವುದಿಲ್ಲ, ಜರಡಿ ಹಿಡಿದು ಹಿಡಿದು ಸಾಕಾಗುತ್ತದೆ. ಒಟ್ಟಿನಲ್ಲಿ ಸರಿ ಹಿಟ್ಟು ಒಂದು ಮಗುವಿನ ಅಳತೆಗೆ ಹೊಂದುವ ಪದಾರ್ಥವೇ ಅಲ್ಲ. ಕೇರಿಯಲ್ಲಿ ನಾಲ್ಕು ಕೂಸುಗಳಿದ್ದಾಗ ಹುಟ್ಟಿದ ಅಡುಗೆ ಅದು.

ಮನೆಯದೆಲ್ಲ ಒಳ್ಳೆಯದಲ್ಲ

ಉಳಿತಾಯದ ಮಾತಿನ ನಡುವೆ ಇದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹುಟ್ಟಿದ ಮಗುವಿನ ನಾಲಿಗೆಗೆ ಜೇನುತುಪ್ಪ ಸವರುವ ಪದ್ಧತಿ ಈಗಲೂ ಅನೇಕ ಕಡೆ ಇದೆ. ಒಂದು ವರ್ಷ ತುಂಬುವ ತನಕ ಜೇನು ಕೂಡದು. ಅದರಲ್ಲಿರಬಹುದಾದ ಬೊಟುಲಿಸಂ ಬ್ಯಾಕ್ಟೀರಿಯಾದ ಬೀಜಕಣಗಳನ್ನು ಎಳೆಗೂಸಿನ ಕರುಳು ತಡೆದುಕೊಳ್ಳಲಾರದು. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದಂತೂ ಕೈಗೆ ಬಂದ ಔಷಧವನ್ನು ಚರಂಡಿಗೆ ಸುರಿದ ಹಾಗೆ. ಕಿವಿ ಮೂಗಿಗೆ ಎಣ್ಣೆ ಬಿಡುವುದು, ಕಣ್ಣಿಗೆ ತೀಡುವ ಕಾಡಿಗೆ, ಮುಚ್ಚಿದ ಕೋಣೆಯಲ್ಲಿ ಕೆಮ್ಮು ಬರುವಷ್ಟು ಸಾಂಬ್ರಾಣಿ ಹೊಗೆ ಇವೆಲ್ಲವನ್ನೂ ಮಕ್ಕಳ ವೈದ್ಯರು ಬೇಡ ಎನ್ನುತ್ತಾರೆ. ಪೇಟೆಯ ಕೆಲವು ಕಾಡಿಗೆಗಳಲ್ಲಿ ಸೀಸವಿರುವುದು ಪರೀಕ್ಷೆಗಳಲ್ಲಿ ಕಂಡಿದೆ. ಮೊದಲ ಆರು ತಿಂಗಳು ತಾಯಿಯ ಹಾಲು ಬಿಟ್ಟು ನೀರೂ ಬೇಡ, ಗ್ರೈಪ್ ವಾಟರೂ ಬೇಡ, ತೇಯ್ದ ಬಜೆಯೂ ಬೇಡ. ಇಷ್ಟು ಪಾಲಿಸಿದರೆ ಆ ಆರು ತಿಂಗಳಲ್ಲಿ ಮಗುವಿನ ಊಟದ ಖರ್ಚು ಸೊನ್ನೆ.

ಆದರೆ ಆ ಸೊನ್ನೆಯ ಹಿಂದೆ ತಾಯಿಯ ಊಟವಿದೆ. ಬಾಣಂತಿಗೆ ನೀರು ಕಡಿಮೆ ಕೊಡುವುದು, ಸೊಪ್ಪು ತರಕಾರಿ ನಿಲ್ಲಿಸಿ ಅನ್ನ ಮೆಣಸಿನ ಸಾರಿನಲ್ಲೇ ತಿಂಗಳು ತಳ್ಳುವುದು ಉಳಿತಾಯವೂ ಅಲ್ಲ, ಪಥ್ಯವೂ ಅಲ್ಲ. ಅಂಟಿನುಂಡೆ, ಕೊಬ್ಬರಿ, ತುಪ್ಪ ಇವೆಲ್ಲ ಇರಲಿ. ಜೊತೆಗೆ ಒಂದು ಹಿಡಿ ನುಗ್ಗೆಸೊಪ್ಪು, ಒಂದು ಮೊಟ್ಟೆ, ಬಾಯಾರಿದಷ್ಟು ನೀರು ಇರಬೇಕು. ಹಿತ್ತಲ ನುಗ್ಗೆ ಮರಕ್ಕೆ ಯಾರೂ ಬಿಲ್ ಕಳಿಸುವುದಿಲ್ಲ.

ಹಳೇ ಸೀರೆಯ ಎರಡನೇ ಜನ್ಮ

ಹುಟ್ಟಿದ ಮಗುವಿಗೆ ಹೊಸ ಬಟ್ಟೆ ತೊಡಿಸದೆ, ಚೆನ್ನಾಗಿ ಬೆಳೆದ ಮಗುವೊಂದರ ಹಳೇ ಅಂಗಿ ಕೇಳಿ ತರುವುದು ನಮ್ಮ ಅನೇಕ ಮನೆಗಳ ರೂಢಿ. ಶಕುನದ ಮಾತಿನಲ್ಲಿ ಸುತ್ತಿಟ್ಟ ಬುದ್ಧಿ ಇದು. ನೂರು ಸಲ ಒಗೆದ ಹತ್ತಿಯಷ್ಟು ಮೆತ್ತಗಿನದು ಯಾವ ಅಂಗಡಿಯಲ್ಲೂ ಸಿಗದು. ಅದಕ್ಕಿಂತ ಮುಖ್ಯವಾಗಿ, ಹಳೇದನ್ನು ಕೇಳುವುದಕ್ಕೆ ಅಲ್ಲಿ ನಾಚಿಕೆಯೇ ಇಲ್ಲ. ಕೇಳುವವರು ಬಡವರೆಂದಲ್ಲ, ಶಾಸ್ತ್ರ ಎಂದು. ಮೂರು ತಿಂಗಳಿಗೆ ಚಿಕ್ಕದಾಗುವ ಅಂಗಿಗೆ ಆರುನೂರು ರೂಪಾಯಿ ತೆರುವ ಈ ಕಾಲದಲ್ಲಿ ಈ ಒಂದು ಶಾಸ್ತ್ರವನ್ನಾದರೂ ಗಟ್ಟಿಯಾಗಿ ಹಿಡಿದುಕೊಳ್ಳಬಹುದು.

ಉತ್ತರ ಕರ್ನಾಟಕದಲ್ಲಿ ಕೌದಿ. ಹರಿದ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಹಾಸಿ, ಸಾಲು ಹೊಲಿಗೆ ಹಾಕುತ್ತ ಹೋಗುವುದು. ಕೂಸಿಗೆಂದು ಪುಟ್ಟ ಕೌದಿ ಬೇರೆ. ಒದ್ದೆ ಹೀರುತ್ತದೆ, ಚಳಿ ತಡೆಯುತ್ತದೆ, ಬಿಸಿಲಿಗೆ ಹಾಕಿದರೆ ಸಂಜೆಗೆ ಮತ್ತೆ ತಯಾರು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕವಂದಿ ಇದೇ ಬಳಗದ್ದು. ಅದರ ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಹೂ ಹೊಲಿಯದಿದ್ದರೆ ಅದು ಬೋಳು ಎಂದೇ ಅವರ ಎಣಿಕೆ. ದೇಶವಿದೇಶದ ಪ್ರದರ್ಶನಗಳಲ್ಲಿ ಗೋಡೆಗೆ ತೂಗುವ ಆ ಕವಂದಿಗಳಲ್ಲಿ ಎಷ್ಟೋ ಮೊದಲು ಮಕ್ಕಳ ಹೊದಿಕೆಗಳೇ. ಕೌದಿಯನ್ನೂ ಒಬ್ಬಳೇ ಕೂತು ಹೊಲಿಯುವುದು ಕಡಿಮೆ. ಬೇಸಿಗೆಯ ಮಧ್ಯಾಹ್ನ, ಹೊಲದ ಕೆಲಸ ಇಲ್ಲದಾಗ, ನಾಲ್ಕು ಜನ ನಾಲ್ಕು ಅಂಚು ಹಿಡಿದು ಕೂತರೆ ಮಾತೂ ಸಾಗುತ್ತದೆ, ಹೊಲಿಗೆಯೂ ಸಾಗುತ್ತದೆ. ಬಸುರಿ ಹುಡುಗಿ ಹೆರಿಗೆಯ ಬಗ್ಗೆ ಕೇಳಲು ಅಂಜುವ ಎಷ್ಟೋ ಪ್ರಶ್ನೆಗಳಿಗೆ ಉತ್ತರ ಸಿಗುತ್ತಿದ್ದದ್ದು ಆ ಮಾತಿನಲ್ಲಿ.

ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲು ಇದಕ್ಕೆ ವಿರುದ್ಧ ತುದಿಯ ವಸ್ತು. ಅರಗಿನ ಬಣ್ಣದಲ್ಲಿ ಪುರಾಣದ ಕಥೆಗಳನ್ನು ಬಿಡಿಸಿದ ಆ ತೊಟ್ಟಿಲು ಅಗ್ಗದ್ದಲ್ಲ. ಸಾಮಾನ್ಯ ಸಂಸಾರ ಒಂದು ಮಗುವಿಗೆಂದು ಕೊಳ್ಳುವಂಥದ್ದಲ್ಲ. ಆದರೆ ಒಂದು ಸಲ ಮನೆತನಕ್ಕೆ ಬಂದರೆ ಮುಗಿಯಿತು. ತವರಿನಿಂದ ಮಗಳ ಮನೆಗೆ, ಅಲ್ಲಿಂದ ನಾದಿನಿಯ ಮನೆಗೆ, ಪಕ್ಕದ ಓಣಿಗೆ ಎರವಲು ಹೋಗುತ್ತ ತಲೆಮಾರು ದಾಟುತ್ತದೆ. ದುಬಾರಿ ವಸ್ತುವನ್ನು ಅಗ್ಗ ಮಾಡುವ ಬಗೆ ಇದು: ಒಳ್ಳೆಯದನ್ನೇ ಒಂದು ಕೊಂಡು ಇಪ್ಪತ್ತು ಮಕ್ಕಳನ್ನು ತೂಗುವುದು. ಪ್ಲಾಸ್ಟಿಕ್ಕಿನ ವಾಕರು, ತಳ್ಳುಗಾಡಿ, ಕಾರಿನ ಮಕ್ಕಳ ಸೀಟು ಇವೆಲ್ಲ ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಧೂಳು ಹಿಡಿದು ಕೂತಿರುವುದನ್ನು ನೋಡಿದಾಗ ಕಲಘಟಗಿಯ ತೊಟ್ಟಿಲು ನೆನಪಾಗುತ್ತದೆ. (ವಾಕರನ್ನು ಮಾತ್ರ ಎರವಲೂ ಕೊಡಬೇಡಿ. ಉರುಳಿ ಬೀಳುವ ಅಪಾಯಕ್ಕಾಗಿ ವೈದ್ಯರು ಅದನ್ನು ಬೇಡವೆನ್ನುತ್ತಾರೆ; ಮಗು ಅದಿಲ್ಲದೆಯೂ ನಡೆಯುತ್ತದೆ.)

ಆಟಿಕೆಯ ಬಗ್ಗೆ ಉದ್ದ ಬರೆಯಬೇಕಿಲ್ಲ. ಸ್ಟೀಲಿನ ಲೋಟ, ತೆಂಗಿನ ಚಿಪ್ಪು, ಬಟ್ಟೆಯ ಚೆಂಡು; ದುಡ್ಡಿದ್ದರೆ ಚನ್ನಪಟ್ಟಣದ ಅರಗಿನ ಗಿಲಕಿ ಒಂದು.

ಲಂಗೋಟಿಗೆ ಮರಳೋಣ. ಹಳೇ ಹತ್ತಿ ಸೀರೆ ಒಂದರಲ್ಲಿ ಹದಿನೈದು ಇಪ್ಪತ್ತು ಲಂಗೋಟಿ ಧಾರಾಳ. ಖರ್ಚು ಇಲ್ಲ, ಕೂಸಿನ ಚರ್ಮಕ್ಕೆ ಗಾಳಿಯಾಡುತ್ತದೆ. ಡೈಪರಾದರೆ ಕಸದ ತೊಟ್ಟಿಗೆ ಹೋಗುವಾಗಲೂ ಕಾಗದದಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಬೇರೆಯಾಗಿ ಕೊಡಬೇಕು. ಅದನ್ನು ಕೈಯಲ್ಲಿ ಮುಟ್ಟಿ ವಿಂಗಡಿಸುವವಳು ಇನ್ನೊಬ್ಬ ತಾಯಿ. ಇಷ್ಟೆಲ್ಲ ಗೊತ್ತಿದ್ದೂ ನಾನು ಡೈಪರು ಕಟ್ಟುವ ತಾಯಿಗೆ ಉಪದೇಶ ಮಾಡಲಾರೆ. ದಿನಕ್ಕೆ ಇಪ್ಪತ್ತು ಒದ್ದೆ ಬಟ್ಟೆ ಅಂದರೆ ಅಷ್ಟು ಬಕೆಟ್ ನೀರು, ಅಷ್ಟು ಸೋಪು, ಒಣಹಾಕಲು ಜಾಗ, ಬಿಸಿಲು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಅಂಚಿನ ಬಡಾವಣೆಗಳು ಟ್ಯಾಂಕರಿಗಾಗಿ ಕಾದು ಕೂತಿದ್ದವು. ಅಲ್ಲಿ ಬಟ್ಟೆಯ ಲಂಗೋಟಿ ಅಗ್ಗವಾಗಿರಲಿಲ್ಲ. ಹಗಲು ಮನೆಯಲ್ಲಿ ಬಟ್ಟೆ, ರಾತ್ರಿಗೆ ಮತ್ತು ಪ್ರಯಾಣಕ್ಕೆ ಒಂದೊಂದು ಡೈಪರು ಎಂದು ಹಂಚಿಕೊಂಡರೆ ಮೇಲೆ ಹೇಳಿದ 1,800 ರೂಪಾಯಿ 600ರ ಒಳಗೆ ಬರುತ್ತದೆ. ತಾಯಿಯೂ ನಿದ್ದೆ ಮಾಡುತ್ತಾಳೆ.

ಕೈಗಳು ಎಲ್ಲಿ ಹೋದವು

ತುಮಕೂರು ಜಿಲ್ಲೆ ಪಾವಗಡದ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು, ದುಡ್ಡು ಮುಟ್ಟದೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಇವತ್ತು ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೂಲಗಿತ್ತಿ ಹೆರಿಗೆ ಮಾಡಿಸಿ ಎದ್ದು ಹೋಗುತ್ತಿರಲಿಲ್ಲ. ಎಣ್ಣೆ ಹಚ್ಚಿ ನೀರು ಹಾಕಲು ಮರುದಿನವೂ ಬರುತ್ತಿದ್ದಳು, ಹಾಲು ಕಟ್ಟಿಕೊಂಡಿದ್ದರೆ ನೋಡುತ್ತಿದ್ದಳು, ಬಾಣಂತಿಯ ಮುಖ ಸಪ್ಪಗಿದ್ದರೆ ಅತ್ತೆಯನ್ನು ಗದರಿಸುವ ಸಲುಗೆಯೂ ಅವಳಿಗಿತ್ತು. ಆಸ್ಪತ್ರೆ ಹೆರಿಗೆಯನ್ನು ವಹಿಸಿಕೊಂಡಿತು. ಉಳಿದದ್ದನ್ನು ವಹಿಸಿಕೊಂಡವರು ಯಾರೂ ಇಲ್ಲ. ನಗರಗಳಲ್ಲಿ ಈಗ ಆ ಕೆಲಸಕ್ಕೆ ಏಜೆನ್ಸಿಗಳಿವೆ, ತಿಂಗಳಿಗೆ ಇಷ್ಟು ಸಾವಿರವೆಂದು ಬಾಣಂತನಕ್ಕೆ ಹೆಂಗಸರನ್ನು ಕಳಿಸುತ್ತವೆ. ಹಾಗೆ ಬರುವವಳ ಸ್ವಂತ ಮಗು ಊರಲ್ಲಿ ಅವಳ ತಾಯಿಯ ಹತ್ತಿರ ಇರುತ್ತದೆ.

ಬೆಂಗಳೂರು, ಮಂಡ್ಯ, ರಾಮನಗರದ ಗಾರ್ಮೆಂಟ್ಸ್ ಹೆಂಗಸರ ಕಥೆಯೂ ಇದೇ. ಹಳೆಯ ಕಾರ್ಖಾನೆಗಳ ಕಾಯ್ದೆಯಂತೆ 30ಕ್ಕಿಂತ ಹೆಚ್ಚು ಮಹಿಳೆಯರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೋಣೆ ಇರಬೇಕಿತ್ತು. ಹೆರಿಗೆ ಸೌಲಭ್ಯ ಕಾಯ್ದೆಗೆ ಬಂದ 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು, 50 ಜನರಿರುವ ಸಂಸ್ಥೆಗೆ ಶಿಶುಪಾಲನಾ ಸೌಲಭ್ಯ ಕಡ್ಡಾಯ ಮಾಡಿತು. ಕಾಗದದ ಮೇಲೆ ಚೆನ್ನಾಗಿದೆ. ಬೆಳಿಗ್ಗೆ ತುಂಬಿದ ಬಸ್ಸಿನಲ್ಲಿ ಎಳೆಗೂಸನ್ನು ಎತ್ತಿಕೊಂಡು ಬಂದು ಕಾರ್ಖಾನೆ ಮುಟ್ಟುವುದು ಹೇಗೆ ಎಂದು ಕಾಯ್ದೆ ಬರೆದವರು ಯೋಚಿಸಿದಂತಿಲ್ಲ. ಮನೆಗೆಲಸದವಳಿಗೆ, ತರಕಾರಿ ಗಾಡಿಯವಳಿಗೆ ಆ 26 ವಾರವೂ ಇಲ್ಲ.

ಇದ್ದುದರಲ್ಲಿ ಹತ್ತಿರದ ಆಸರೆ ಅಂಗನವಾಡಿ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ದೇಶದ 33 ಕಡೆ ಆರಂಭವಾಯಿತು, ಅವುಗಳಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರವೂ ಒಂದು. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. 2017ರ ಗಾಂಧಿ ಜಯಂತಿಯಂದು ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ ಎಂದು ಗೊತ್ತುಮಾಡಿದರು. ಎಳೆ ಬಾಣಂತಿ ಹೊಸ್ತಿಲು ದಾಟಿ ಅಷ್ಟು ದೂರ ಬಂದು ಉಣ್ಣಬೇಕೇ ಎಂಬ ಆಕ್ಷೇಪ ಬಂತು, ಅದರಲ್ಲಿ ಹುರುಳೂ ಇತ್ತು. ಆದರೆ ಮನೆಗೆ ಕೊಟ್ಟ ಮೊಟ್ಟೆ ಅವಳ ತಟ್ಟೆಗೇ ಬೀಳುತ್ತದೆಂಬ ಭರವಸೆ ಇಲ್ಲ. ಪಂಕ್ತಿಯಲ್ಲಿ ಕೂತು ಉಂಡದ್ದು ಅವಳ ಹೊಟ್ಟೆಗೇ ಹೋಗುತ್ತದೆ. ಹತ್ತು ಜನ ಬಾಣಂತಿಯರು ಒಂದೆಡೆ ಕೂತು ಉಣ್ಣುವಾಗ ನಡೆಯುವ ಮಾತುಕತೆಗೆ ಸರ್ಕಾರದ ಕಡತದಲ್ಲಿ ಅಂಕಣವಿಲ್ಲ. ನನ್ನ ಪ್ರಕಾರ ಯೋಜನೆಯ ಅರ್ಧ ಲಾಭ ಅದೇ.

ಅಂಗನವಾಡಿಗೂ ಒಂದು ತೂತಿದೆ. ಕೂತು ಆಡಿ ಕಲಿಯುವುದು ಮೂರು ವರ್ಷ ತುಂಬಿದ ಮಕ್ಕಳು. ಮೂರರೊಳಗಿನವರಿಗೆ ಮನೆಗೆ ಪೊಟ್ಟಣ ಹೋಗುತ್ತದೆ, ನೋಡಿಕೊಳ್ಳುವ ಕೈ ಹೋಗುವುದಿಲ್ಲ. ಈ ತೂತಿಗೆ ತೇಪೆ ಹಾಕಲು ರಾಜ್ಯ ಸರ್ಕಾರ 2023-24ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಘೋಷಿಸಿತು, ಉದ್ಯೋಗ ಖಾತರಿಯ (ನರೇಗಾ) ಕೂಲಿಗೆ ಹೋಗುವ ತಾಯಂದಿರನ್ನು ಮನಸ್ಸಿನಲ್ಲಿಟ್ಟು. ನರೇಗಾದ 2005ರ ಕಾಯ್ದೆಯಲ್ಲಿ ಇದಕ್ಕೆ ಬೀಜ ಆಗಲೇ ಇತ್ತು: ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳು ಸೇರಿದರೆ, ನೋಡಿಕೊಳ್ಳಲು ಒಬ್ಬ ಹೆಂಗಸನ್ನು ನೇಮಿಸಿ ಅವಳಿಗೂ ಕೂಲಿ ಕೊಡಬೇಕಿತ್ತು. ಮಣ್ಣು ಅಗೆಯುವುದಕ್ಕೆ ಎಷ್ಟೋ ಮಗು ಆಡಿಸುವುದಕ್ಕೂ ಅಷ್ಟೇ. ಮಕ್ಕಳನ್ನು ನೋಡಿಕೊಳ್ಳುವುದು ಕೆಲಸ ಎಂದು ಇಷ್ಟು ಸರಳವಾಗಿ ಒಪ್ಪಿಕೊಂಡ ಕಾಯ್ದೆಯನ್ನು ನಾನು ಬೇರೆ ನೋಡಿಲ್ಲ. ಅದೇ ಅಂಗನವಾಡಿಯ ಕಾರ್ಯಕರ್ತೆ ಮತ್ತು ಸಹಾಯಕಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಅವರಿಗೂ ಗ್ರಾಚ್ಯುಟಿಯ ಹಕ್ಕಿದೆ ಎಂದು ಹೇಳಲು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು.

ತಾಯಿಯ ಹಾಲಿನ ವಿಷಯದಲ್ಲೂ ಹಳೇ ನೆರೆಹೊರೆಗೆ ಹೊಸ ರೂಪ ಬಂದಿದೆ. ತಾಯಿಗೆ ಹಾಲಿಲ್ಲದಾಗ ಕೇರಿಯ ಇನ್ನೊಬ್ಬ ಬಾಣಂತಿ ಮೊಲೆಯೂಡುತ್ತಿದ್ದ ದಿನಗಳಿದ್ದವು. 2022ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 'ಅಮೃತಧಾರೆ' ಎಂಬ ತಾಯಿಹಾಲಿನ ಬ್ಯಾಂಕ್ ತೆರೆಯಿತು. ದಾನ ಬಂದ ಹಾಲನ್ನು ಪರೀಕ್ಷಿಸಿ, ಪಾಶ್ಚರೀಕರಿಸಿ, ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಕೊಡುವ ವ್ಯವಸ್ಥೆ ಅದು. ಪಕ್ಕದ ಮನೆಯ ಹಾಲನ್ನು ಈಗ ಪರೀಕ್ಷೆ ಇಲ್ಲದೆ ಕುಡಿಸುವುದು ಸರಿಯಲ್ಲ, ಸೋಂಕಿನ ಭಯವಿದೆ. ಬ್ಯಾಂಕಿಗೆ ಕೊಡಬಹುದು.

ಮಕ್ಕಳಿಗೂ ಮುಯ್ಯಾಳು

ನಾಟಿ ಕಾಲದಲ್ಲಿ ಮಲೆನಾಡಿನಲ್ಲೂ ಹಳೇ ಮೈಸೂರಿನಲ್ಲೂ ಮುಯ್ಯಾಳು ನಡೆಯುತ್ತಿತ್ತು, ಕೆಲವೆಡೆ ಈಗಲೂ ಇದೆ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ದುಡ್ಡಿನ ಮಾತಿಲ್ಲ, ಹಂಗಿನ ಮಾತೂ ಇಲ್ಲ, ಆಳಿಗೆ ಆಳು ಲೆಕ್ಕ. ಎಳೆ ಮಕ್ಕಳ ತಾಯಂದಿರಿಗೆ ಇವತ್ತು ಬೇಕಾದದ್ದು ಈ ಲೆಕ್ಕವೇ. ಸಹಾಯ ಕೇಳುವಾಗ ನಮ್ಮ ಹುಡುಗಿಯರ ನಾಲಿಗೆ ಹೊರಳುವುದಿಲ್ಲ, ಸಾಲವೆಂದರೆ ಕೇಳುತ್ತಾರೆ.

ಒಂದು ಬೀದಿಯಲ್ಲಿ ಅಥವಾ ಒಂದು ಕಟ್ಟಡದಲ್ಲಿ ಎರಡು ವರ್ಷದೊಳಗಿನ ನಾಲ್ಕು ಮಕ್ಕಳಿದ್ದರೆ ಸಾಕು. ತಿಂಗಳಿಗೊಬ್ಬರ ಪಾಳಿಯಲ್ಲಿ ಮೂರು ಕಿಲೋ ಸರಿ ಹಿಟ್ಟು ಮಾಡಿ ಹಂಚಿಕೊಂಡರೆ, ಉಳಿದ ಮೂರು ತಿಂಗಳು ಮಾಡಿದವಳಿಗೆ ಆ ಗೋಜಿಲ್ಲ. ಗಿರಣಿಯವನೂ ತಕರಾರು ಮಾಡುವುದಿಲ್ಲ. ಮೆಣಸಿನಪುಡಿಗೆ ಮುಂಚೆ, ಬೆಳಿಗ್ಗೆ ಮೊದಲ ಕಲ್ಲಿಗೆ ಹಾಕಿಕೊಡು ಅಂದರೆ ಒಪ್ಪುತ್ತಾನೆ. ಚಿಕ್ಕದಾದ ಅಂಗಿಗಳ ಗಂಟು ಒಂದು ಮನೆಯಿಂದ ಇನ್ನೊಂದಕ್ಕೆ ದಾಟಲಿ. ಗಂಟಿನ ಮೇಲೆ ವಯಸ್ಸಿನ ಚೀಟಿ ಇದ್ದರೆ ಹುಡುಕುವುದು ತಪ್ಪುತ್ತದೆ. ವಾರದಲ್ಲಿ ಎರಡು ಮಧ್ಯಾಹ್ನ ಇಬ್ಬರು ನಾಲ್ಕು ಮಕ್ಕಳನ್ನು ನೋಡಿಕೊಂಡು, ಮತ್ತಿಬ್ಬರು ಮಲಗಲಿ. ಬ್ಯಾಂಕಿಗೆ ಹೋಗಲಿ, ಸಿನಿಮಾಕ್ಕೆ ಹೋದರೂ ಕೇಳಬಾರದು. ಒಬ್ಬರೇ ನೋಡಿಕೊಳ್ಳುವ ವ್ಯವಸ್ಥೆ ಬೇಡ; ಒಂದು ಮಗು ಬಿದ್ದಾಗ ಇನ್ನೊಂದು ಬಾತ್‌ರೂಮಿನ ಬಕೆಟ್ ಹತ್ತಿರ ಇರುತ್ತದೆ.

ಹಳ್ಳಿಗಳಲ್ಲಿ ಇದಕ್ಕೆ ಚೌಕಟ್ಟು ಈಗಾಗಲೇ ಇದೆ. ಸ್ತ್ರೀಶಕ್ತಿ ಸಂಘಗಳು 2000ದ ಇಸವಿಯಿಂದ ವಾರ ವಾರ ಸೇರುತ್ತ ಬಂದಿವೆ, ಉಳಿತಾಯದ ಪುಸ್ತಕವಿದೆ, ಒಬ್ಬರಿಗೊಬ್ಬರ ಮೇಲೆ ನಂಬಿಕೆಯಿದೆ. ಸಾಲದ ಕಂತಿನ ಜೊತೆ ಸರಿ ಹಿಟ್ಟಿನ ಪಾಳಿಯನ್ನೂ ಅದೇ ಪುಸ್ತಕದಲ್ಲಿ ಬರೆದರೆ ಯಾರೂ ಬೇಡ ಅನ್ನುವುದಿಲ್ಲ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದಾಗಿ ತವರಿನ ಬಸ್ಸಿಗೆ ಟಿಕೆಟ್ಟಿನ ಚಿಂತೆ ಹೋಗಿದೆ. ಮಗಳ ಮನೆಗೆ ವಾರಕ್ಕೊಮ್ಮೆ ಬಂದು ಒಂದು ರಾತ್ರಿ ಕೂಸನ್ನು ನೋಡಿಕೊಂಡು ಮರಳುವ ಅಜ್ಜಿಯಂದಿರನ್ನು ಬಸ್ಸಿನಲ್ಲಿ ಕಾಣುತ್ತೇನೆ, ಮಡಿಲಲ್ಲಿ ಚಕ್ಕುಲಿ ಡಬ್ಬಿ, ಕಾಲ ಬಳಿ ಹಳೇ ಸೀರೆಯ ಗಂಟು. ಉಚಿತ ಬಸ್ಸಿನ ಲಾಭ ನಷ್ಟ ಬರೆಯುವವರು ಆ ಒಂದು ರಾತ್ರಿಯ ನಿದ್ದೆಯನ್ನೂ ಎಣಿಸಬೇಕು.

ಇಷ್ಟೆಲ್ಲ ಕೈಗಳನ್ನು ಹುಡುಕಿದ ಮೇಲೂ ಒಂದು ಜೊತೆ ಕೈ ಲೆಕ್ಕಕ್ಕೆ ಸಿಕ್ಕಿಲ್ಲ, ಅದೂ ಮನೆಯೊಳಗಿನದು. ಸರ್ಕಾರಿ ನೌಕರನಾದ ಗಂಡಸಿಗೆ ಮಗು ಹುಟ್ಟಿದಾಗ 15 ದಿನ ಪಿತೃತ್ವ ರಜೆ ಇದೆ, ಖಾಸಗಿಯಲ್ಲಿ ಕಂಪನಿಯ ಮರ್ಜಿ. ಆ 15 ದಿನ ನಾಮಕರಣದ ಓಡಾಟಕ್ಕೇ ಕಳೆಯುವುದು ಹೆಚ್ಚು. ಲಂಗೋಟಿ ಒಗೆಯಲು, ರಾಗಿ ತೊಳೆಯಲು, ಎರಡು ಗಂಟೆಗೆ ಎದ್ದ ಮಗುವನ್ನು ಹೆಗಲಿಗೆ ಹಾಕಿಕೊಳ್ಳಲು ಯಾವ ವಿಶೇಷ ತರಬೇತಿಯೂ ಬೇಕಿಲ್ಲ. ಮೊಲೆಯೂಡುವುದೊಂದನ್ನು ಬಿಟ್ಟರೆ ಈ ಲೇಖನದಲ್ಲಿ ಹೇಳಿದ ಯಾವ ಕೆಲಸವೂ ಹೆಂಗಸೇ ಮಾಡಬೇಕಾದ್ದಲ್ಲ. ಇನ್ನು ಸರಿ ಹಿಟ್ಟು ಬೇಕಾಗುವ ಹೊತ್ತಿಗೆ ಮಗುವಿಗೆ ಆರು ತಿಂಗಳು, ಅಪ್ಪನ ರಜೆ ಎಂದೋ ಮುಗಿದಿರುತ್ತದೆ. ಅದಕ್ಕೇನಂತೆ. ರಾಗಿಯನ್ನು ಬುಧವಾರ ರಾತ್ರಿ ನೆನೆಹಾಕಿದರೆ ಭಾನುವಾರಕ್ಕೆ ಬೀಸಲು ತಯಾರು, ಭಾನುವಾರ ಬೆಳಿಗ್ಗೆ ಗಿರಣಿ ತೆರೆದಿರುತ್ತದೆ.